ಒಂಬತ್ತು ದಿನ ಸುತ್ತಿದ ಚಕ್ರ

ಟಿ.ವಿ. ಪರದೆಯ ನಟ್ಟನಡುವೆ ಸುತ್ತುವ ಆ ಸಣ್ಣ ಚಕ್ರವನ್ನು ನೀವೂ ನೋಡಿರುತ್ತೀರಿ. ಅದು ತಾನೂ ಎಲ್ಲಿಗೂ ಹೋಗುವುದಿಲ್ಲ, ನಿಮ್ಮನ್ನೂ ಎಲ್ಲಿಗೂ ಕರೆದೊಯ್ಯುವುದಿಲ್ಲ. ಆದರೂ ಅದರ ಮುಂದೆ ಕೂತವನಿಗೆ ಈಗ ಬಂತು, ಇನ್ನೇನು ಬಂತು ಎಂಬ ಆಸೆ ಬಿಡುವುದಿಲ್ಲ. ನಾನು ಒಂಬತ್ತು ದಿನ ಅದನ್ನು ನೋಡುತ್ತ ಕೂತಿದ್ದೆ. ಮೂರನೆಯ ದಿನ ಅದರಲ್ಲಿ ಎಷ್ಟು ಚುಕ್ಕೆಗಳಿವೆ ಎಂದು ಎಣಿಸಲು ಹೋಗಿ ತಲೆ ಸುತ್ತು ಬಂತು. ಮೂವತ್ತು ವರ್ಷ ತುರುವೇಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವನು ನಾನು. ನಿವೃತ್ತಿಯಾದರೂ ಚಾಳಿ ಹೋಗಿಲ್ಲ. ಮನೆಯಲ್ಲಿ ಏನಾದರೂ ಕೆಟ್ಟರೆ ಅದು ಬೇಗ ಸರಿಯಾಗಲಿ ಎಂಬುದಕ್ಕಿಂತ, ಯಾಕೆ ಕೆಟ್ಟಿತು ಎಂದು ತಿಳಿಯುವ ಆತುರವೇ ನನಗೆ ಹೆಚ್ಚು. ನನ್ನ ಹೆಂಡತಿ ವಿಶಾಲ ಇದನ್ನು ಕೆರೆದು ಹುಣ್ಣು ಮಾಡಿಕೊಳ್ಳುವುದು ಎನ್ನುತ್ತಾಳೆ.

ಈ ಸಲ ಮಾತ್ರ ಕೆಟ್ಟದ್ದು ಬರೀ ಟಿ.ವಿ.ಯಾಗಿರಲಿಲ್ಲ. ನಮ್ಮ ಅತ್ತೆ ಮತ್ತೆ ನಡೆಯುತ್ತಾಳೋ ಇಲ್ಲವೋ ಎಂಬುದು ಅದಕ್ಕೆ ತಳಕು ಹಾಕಿಕೊಂಡಿತ್ತು. ಅತ್ತೆ ಎಂದರೆ ವಿಶಾಲಳ ತಾಯಿಯಲ್ಲ; ನನ್ನ ಅಪ್ಪನ ತಂಗಿ, ಸಿದ್ಧಗಂಗಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಬಂದ ದಿನದಿಂದ ಈ ಮನೆಯ ತೋಟ, ಕಣ, ಅಟ್ಟ ಮೂರನ್ನೂ ಆಳಿದವಳು. ನನ್ನನ್ನು ಎತ್ತಿ ಆಡಿಸಿದವಳು, ಬೇಕಾದಾಗ ನಾಲ್ಕು ಬಿಟ್ಟವಳು ಕೂಡ. ಎಪ್ಪತ್ತೆಂಟು ವರ್ಷವಾದರೂ ಬೆಳಗಾಗುತ್ತಲೇ ತೋಟಕ್ಕೆ ಒಂದು ಸುತ್ತು ಹಾಕದೆ ಕಾಫಿ ಕುಡಿಯುತ್ತಿರಲಿಲ್ಲ. ಸಂಕ್ರಾಂತಿ ಕಳೆದ ವಾರದಲ್ಲಿ, ಇಬ್ಬನಿಯಲ್ಲಿ ನೆನೆದ ತೆಂಗಿನ ಗರಿಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಮನೆಗೆ ಹೊರಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ನಮ್ಮ ಕೆಲಸ ಮುಗೀತು. ಇನ್ನು ದಿನಾ ವ್ಯಾಯಾಮ ಮಾಡಿದ್ರೆ ನಡೀತಾರೆ. ಮಾಡದೆ ಕೂತ್ರೆ, ಕೂತೇ ಇರ್ತಾರೆ," ಎಂದರು.

ವ್ಯಾಯಾಮ ಹೇಳಿಕೊಡಲು ನಮ್ಮ ಹಳ್ಳಿಗೆ ಯಾರು ಬರುತ್ತಾರೆ? ಅದಕ್ಕೆ ಆಸ್ಪತ್ರೆಯವರೇ ಒಂದು ದಾರಿ ಮಾಡಿದ್ದರು. ನಯನ ಎಂಬ ಹುಡುಗಿ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ತುಮಕೂರಿನಲ್ಲಿ ಕೂತು, ಬೇರೆ ಬೇರೆ ಊರುಗಳಲ್ಲಿ ಸೊಂಟ ಮುರಿದುಕೊಂಡ ಆರು ಜನ ಹಿರಿಯರಿಗೆ ವಿಡಿಯೋದಲ್ಲಿ ಪಾಠ ಮಾಡುತ್ತಿದ್ದಳು. ನಾನು ಫೋನನ್ನು ಹಿಡಿದು ತೋರಿಸಿದರೆ ಅತ್ತೆ ಮುಖ ತಿರುಗಿಸಿದಳು. "ಗೇಣುದ್ದ ಗಾಜ್ನಾಗೆ ಆರು ಜನ. ಇರುವೆ ಸಾಲು ಕಂಡಂಗೆ ಕಾಣ್ತದೆ ಕಣ್ಲಾ," ಎಂದಳು. ಆಗ ತಿಪಟೂರಿಗೆ ಹೋಗಿ ಸ್ಮಾರ್ಟ್ ಟಿ.ವಿ. ತಂದೆ. ನಡುಮನೆಯಲ್ಲಿ ಅವಳ ಮಂಚದ ಎದುರು ಗೋಡೆಗೆ ಹಾಕಿಸಿ, ಅದರ ನೆತ್ತಿಯ ಮೇಲೆ ಪುಟ್ಟ ಕ್ಯಾಮೆರಾ ಕೂರಿಸಿದೆ.

ಎರಡು ವಾರ ಆ ಪಾಠ ನಡೆದ ಚೆಂದವನ್ನು ನೀವು ನೋಡಬೇಕಿತ್ತು. "ಅಜ್ಜಿ, ಕಾಲೆತ್ತಿ" ಎಂದರೆ ಅತ್ತೆ "ಎತ್ತೀನಿ ಕಣವ್ವ, ಅವಸರ ಮಾಡ್ಬೇಡ" ಎಂದು ಉತ್ತರ ಕೊಡುತ್ತಿದ್ದಳು. ಹೊನ್ನವಳ್ಳಿಯ ರುದ್ರಪ್ಪನವರು ಅತ್ತೆಗಿಂತ ಎರಡು ವರ್ಷಕ್ಕೆ ದೊಡ್ಡವರು. ನಡುವೆ ತಮ್ಮ ಬೋರ್‌ವೆಲ್ಲಿನ ಸಮಾಚಾರ ಹೇಳದೆ ಕಾಲು ಮಡಿಸುತ್ತಿರಲಿಲ್ಲ. ಕಿಬ್ಬನಹಳ್ಳಿಯ ಗೌರಮ್ಮನಿಗೂ ಅತ್ತೆಗೂ ಮೊದಲ ದಿನವೇ ಪೈಪೋಟಿ ಹತ್ತಿತು. ಗೌರಮ್ಮ ಎಂಟು ಸಲ ಕಾಲೆತ್ತಿದರೆ ಅತ್ತೆಗೆ ಒಂಬತ್ತು ಎತ್ತಲೇಬೇಕು. ಪಾಠ ಮುಗಿದ ಮೇಲೆ ಉಳಿದವರೂ ಪರದೆ ಬಿಟ್ಟು ಏಳದೆ ಕಾಯಿ, ಮಳೆ, ಸೊಸೆಯಂದಿರ ವಿಷಯ ಮಾತಾಡುತ್ತಿದ್ದರು. ಕೋಲು ಹಿಡಿದು ಎದ್ದು ನಿಲ್ಲುವಷ್ಟಾದಾಗ ನಯನ ಒಂದು ಗಡುವು ಕೊಟ್ಟಳು. ಇನ್ನೊಂದು ವಾರ ಬಿಟ್ಟು ಬರುವ ಗುರುವಾರ ಎಲ್ಲರೂ ಕೋಲು ಬಿಟ್ಟು, ಹತ್ತು ಎಣಿಸುವವರೆಗೆ ನಿಲ್ಲಬೇಕು. ನಿಂತವರಿಗೆ ಮರುದಿನದಿಂದ ನಡಿಗೆ.

ಟಿ.ವಿ. ಕೈಕೊಟ್ಟದ್ದು ಆಮೇಲಿನ ಮಂಗಳವಾರ. ಹನ್ನೊಂದಕ್ಕೆ ಸರಿಯಾಗಿ ಹಾಕಿದರೆ ವೈಫೈ ಸಿಗುತ್ತಿಲ್ಲ ಎಂದಿತು, ಆ ಚಕ್ರ ಸುತ್ತತೊಡಗಿತು.

ತಪ್ಪು ಯಾರದು ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಿಂದಿನ ದಿನ, ಸೋಮವಾರ, ಅಟ್ಟಕ್ಕೆ ಕಾಯಿ ಏರಿಸಲು ಚಿತ್ತಯ್ಯ ತನ್ನ ಜನರೊಂದಿಗೆ ಕೆಂಕೆರೆ ಕಡೆಯಿಂದ ಬಂದಿದ್ದ. ಊಟದ ಬಿಡುವಿನಲ್ಲಿ ಅಷ್ಟೂ ಜನ ಜಗುಲಿಯ ಮೇಲೆ ಕೂತು ನಮ್ಮ ವೈಫೈನಲ್ಲಿ ವಿಡಿಯೋ ನೋಡುತ್ತಿದ್ದರು. ನಮ್ಮ ಪಾಸ್‌ವರ್ಡ್ ಕೆಂಕೆರೆಯವರೆಗೂ ಹೋಗಿದೆ ಎಂದು ತಿಳಿದು ನನಗೆ ಗಾಬರಿಯಾಯಿತು. ಅವರು ಹೋದ ಮೇಲೆ ಹೊಸದನ್ನು ಇಟ್ಟೆ. ಯಾರೂ ಊಹಿಸಬಾರದೆಂದು 'ಪೊಟ್ಯಾಸಿಯಂ ಪರ್ಮಾಂಗನೇಟ್' ಎಂದು ಪೂರ್ತಿ ಇಂಗ್ಲಿಷಿನಲ್ಲಿ ಇಟ್ಟು, ಕೊನೆಗೊಂದು ಏಳು ಸೇರಿಸಿದೆ. ಮರುದಿನ ಟಿ.ವಿ. ನಿಂತಾಗ ವಿಶಾಲ ಒಂದೇ ಮಾತು ಹೇಳಿದಳು. "ಸುಮ್ಮನಿರಲಾರದೆ ಇರುವೆ ಬಿಟ್ಕೊಂಡ್ರಂತೆ."

ಅಷ್ಟುದ್ದದ ಹೆಸರನ್ನು ರಿಮೋಟಿನ ಬಾಣದ ಗುರುತಿನಿಂದ ಒಂದೊಂದೇ ಅಕ್ಷರವಾಗಿ ಹುಡುಕಿ ಒತ್ತುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಪಿ ಯಿಂದ ಓ ಗೆ ಪಕ್ಕದಲ್ಲೇ ದಾರಿ. ಎಸ್ ನಿಂದ ಐ ಗೆ ಹೋಗಲು ಮಾತ್ರ ತಿಪಟೂರಿನಿಂದ ಹುಳಿಯಾರಿಗೆ ಹೋದಷ್ಟು ದೂರ. ಕೊನೆಯ ಅಕ್ಷರದಲ್ಲಿ ತಪ್ಪಿದರೆ ಮತ್ತೆ ಮೊದಲಿನಿಂದ. ನಾನು ಅದನ್ನು ಹದಿನಾಲ್ಕು ಸಲ ಬರೆದೆ. ಪಾಠ ಒಪ್ಪಿಸದ ಮಕ್ಕಳಿಗೆ ಇಂಪೊಸಿಷನ್ ಕೊಡುತ್ತಿದ್ದೆನಲ್ಲ, ಅವರ ಶಾಪವೇ ಇರಬೇಕು. ಆಮೇಲೆ ಪಾಸ್‌ವರ್ಡನ್ನು ಹಳೆಯದಕ್ಕೇ ತಿರುಗಿಸಿದೆ. ಚಕ್ರ ಸುತ್ತುತ್ತಲೇ ಇತ್ತು. ಟಿ.ವಿ.ಯ ಪ್ಲಗ್ಗು ಕಿತ್ತು ಅರ್ಧ ಗಂಟೆ ಬಿಟ್ಟು ಹಾಕಿದೆ. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆ ಮಾಡುವ ಗುಂಡಿಯನ್ನೂ ಒತ್ತಿದೆ. ಅದು ಎಲ್ಲವನ್ನೂ ಮರೆತು, ನಿಮ್ಮದು ಯಾವ ದೇಶ ಎಂದು ಕೇಳಿತು.

ಫೋನು ಮಾಡಿ ಕೇಬಲ್ಲಿನ ಮಂಜನನ್ನು ಕರೆಸಿದೆ. ಅವನು ಮಹಡಿಯ ಕೋಣೆಗೆ ಹೋಗಿ, ಗೋಡೆಗೆ ಹೊಡೆದಿದ್ದ ವೈಫೈ ಡಬ್ಬಿಯ ಕೆಳಗೆ ನಿಂತು ತನ್ನ ಫೋನಿನಲ್ಲಿ ನೋಡಿಕೊಂಡು ಬಂದ. "ಸರ್, ವೈಫೈ ಕುದುರೆ ಥರಾ ಓಡ್ತಾ ಐತೆ. ಕಂಪ್ಲೇಂಟು ಟಿ.ವಿ.ದು," ಎಂದ. ತಿಪಟೂರಿನ ಅಂಗಡಿಯವನು ಬಂದು ತನ್ನ ಫೋನಿನ ಇಂಟರ್ನೆಟ್ಟನ್ನು ಟಿ.ವಿ.ಗೆ ಕೊಟ್ಟು ನೋಡಿದ. ನಮ್ಮ ನಡುಮನೆಯಲ್ಲಿ ಫೋನಿಗೆ ಸಿಗುವುದೇ ಒಂದು ಗೆರೆ, ಪರದೆಯ ಮೇಲೆ ಮುಖಗಳು ಅರ್ಧಂಬರ್ಧ ಬಂದು ನಿಂತವು. "ನೋಡಿ, ಹಿಡೀತು. ಟಿ.ವಿ. ಚೆನ್ನಾಗೈತೆ ಮೇಷ್ಟ್ರೇ. ಕಂಪ್ಲೇಂಟು ವೈಫೈದು," ಎಂದು ಅವನೂ ಹೋದ. ಇಬ್ಬರೂ ಸುಳ್ಳು ಹೇಳಿರಲಿಲ್ಲ ಎಂಬುದೇ ನನ್ನನ್ನು ಕೊರೆಯತೊಡಗಿತು. ಎರಡೂ ಸರಿಯಿದ್ದು, ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ ಎಂದರೆ ಅದೇನು ಜಗಳ?

ಇಂಥದೇ ಒಂದು ಪ್ರಶ್ನೆ ನನ್ನನ್ನು ವಿಜ್ಞಾನದ ಮೇಷ್ಟರನ್ನಾಗಿ ಮಾಡಿತು. ನಾನು ಚಿಕ್ಕವನಿದ್ದಾಗ ನಮ್ಮಲ್ಲೊಂದು ರೇಡಿಯೋ ಇತ್ತು. ಸಂಜೆ ಅಪ್ಪ ವಾರ್ತೆ ಕೇಳಲು ಕೂತರೆ ಅದು ಬರೀ ಗೊರಗೊರ ಎನ್ನುತ್ತಿತ್ತು. ಅತ್ತೆ ಬಂದು ಅದರ ನೆತ್ತಿಯ ಮೇಲೆ ಕೈಯಿಟ್ಟು ನಿಂತರೆ ಮಾತ್ರ ಮಾತು ಸ್ಪಷ್ಟವಾಗಿ ಬರುತ್ತಿತ್ತು. ಕೈ ತೆಗೆದರೆ ಮತ್ತೆ ಗೊರಗೊರ. ಅಪ್ಪ ಕೈಯಿಟ್ಟರೆ ಬರುತ್ತಿರಲಿಲ್ಲ, ಅಮ್ಮ ಇಟ್ಟರೂ ಇಲ್ಲ. ಅವಳು ನಿಲ್ಲುತ್ತಿದ್ದ ಜಾಗದಲ್ಲೇ ಏನೋ ಇತ್ತು ಎಂದು ಈಗ ಅನ್ನಿಸುತ್ತದೆ. ಮುದ್ದೆ ತಿರುವುವ ಹಿಟ್ಟಿನ ಕೋಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಅತ್ತೆ ವಾರ್ತೆ ಮುಗಿಯುವವರೆಗೆ ನಿಲ್ಲುತ್ತಿದ್ದಳು. ನಾನು "ನೀನು ಮುಟ್ಟಿದ್ರೆ ಯಾಕೆ ಬರ್ತದೆ ಅತ್ತೆ?" ಎಂದು ಕೇಳಿದೆ. "ನಂಗೇನು ಗೊತ್ತಲಾ. ನಿಂತ್ಕೊ ಅಂತಾರೆ, ನಿಂತ್ಕೊತೀನಿ," ಎಂದಳು. ಆ ವಾರ್ತೆಯಲ್ಲಿ ಅವಳಿಗೆ ಬೇಕಾದದ್ದು ಏನೂ ಇರುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಅತ್ತ ಅತ್ತೆ ದಿನದಿಂದ ದಿನಕ್ಕೆ ಮೆತ್ತಗಾಗುತ್ತಿದ್ದಳು. ಹನ್ನೊಂದಾದರೆ ಸೆರಗು ಸರಿಮಾಡಿಕೊಂಡು ಕಪ್ಪು ಪರದೆಯ ಮುಂದೆ ಕೂರುವಳು, ಹತ್ತು ನಿಮಿಷ ಬಿಟ್ಟು ಮಲಗುವಳು. ಒಬ್ಬಳೇ ಮಾಡು ಎಂದು ವಿಶಾಲ ಎಷ್ಟು ಹೇಳಿದರೂ ಕೇಳಲಿಲ್ಲ. "ಜೊತೆಗೆ ನಾಕು ಜನ ಇದ್ರೆ ನೋವು ಗೊತ್ತಾಗಕ್ಕಿಲ್ಲ ಕಣೇ ವಿಶಾಲಿ. ಒಬ್ಳೇ ಎತ್ತಿದ್ರೆ ಪ್ರಾಣ ಹೋಯ್ತದೆ," ಎಂದಳು. ಏಳನೆಯ ದಿನ ಕೋಲು ಹಿಡಿದು ಏಳಲು ಹೋಗಿ ಅರ್ಧಕ್ಕೇ ಕೂತುಬಿಟ್ಟಳು. ಆವತ್ತು ನನಗೆ ನಿಜವಾಗಿ ಭಯವಾಯಿತು. ಗುರುವಾರಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ಮಂಜನಿಗೆ ಫೋನು ಮಾಡಿ, ಆ ಡಬ್ಬಿಯನ್ನೇ ಕೆಳಗಿಳಿಸಿಬಿಡು ಎಂದೆ. "ವೈರು ಸಾಲಕ್ಕಿಲ್ಲ ಸರ್. ಕಂಬದಿಂದ ಹೊಸ್ದಾಗಿ ಎಳೀಬೇಕು. ವೈರು ಬರೋದು ಶನಿವಾರ," ಎಂದ. ನಮ್ಮ ಕಡೆ ಶನಿವಾರ ಎಂದರೆ ಯಾವ ಶನಿವಾರ ಎಂದು ಕೇಳುವ ಪದ್ಧತಿ ಇಲ್ಲ.

ಎಂಟನೆಯ ದಿನ ಬೇರೇನೂ ತೋಚದೆ, ಫೋನು ಹಿಡಿದುಕೊಂಡು ಮನೆಯೆಲ್ಲ ಸುತ್ತಿದೆ. ಮಹಡಿಯ ಕೋಣೆಯಲ್ಲಿ ವೈಫೈ ಪೂರ್ತಿ ಗೆರೆ ತೋರಿಸುತ್ತಿತ್ತು. ಆ ಕೋಣೆಯ ಒಂದು ಬಾಗಿಲು ತೆರೆದರೆ ಅಟ್ಟ. ಅಟ್ಟದ ಕೆಳಗೆ ನಡುಮನೆ. ಮೆಟ್ಟಿಲು ಇಳಿಯುತ್ತ ಗೆರೆಗಳು ಒಂದೊಂದೇ ಕಮ್ಮಿಯಾದವು, ನಡುಮನೆಗೆ ಕಾಲಿಟ್ಟೊಡನೆ ಎಲ್ಲ ಹೋದವು. ಆದರೆ ಅದಕ್ಕಿಂತ ದೂರದ, ಮಂಚ ಹಾಕಲು ಜಾಗವಿಲ್ಲದ ಅಡಿಗೆಮನೆಯ ಮೂಲೆಯಲ್ಲಿ ಎರಡು ಗೆರೆ ಬಂದವು. ಹತ್ತಿರ ಇದ್ದಲ್ಲಿ ಇಲ್ಲ, ದೂರ ಇದ್ದಲ್ಲಿ ಇದೆ. ನನಗೆ ಮೈಯೆಲ್ಲ ಕಣ್ಣಾಯಿತು. ಮತ್ತೆ ನಡುಮನೆಗೆ ಬಂದು ತಲೆಯೆತ್ತಿ ನೋಡಿದೆ. ಅಟ್ಟದ ಹಲಗೆಗಳ ಸಂದಿಯಲ್ಲಿ, ಹಿಂದಿನ ವಾರ ಚಿತ್ತಯ್ಯ ಏರಿಸಿದ ಕಾಯಿಗಳು ಒತ್ತೊತ್ತಾಗಿ ಕೂತಿದ್ದವು.

ನಮ್ಮ ಸೀಮೆಯವರಲ್ಲದವರಿಗಾಗಿ ಇಲ್ಲೊಂದು ಮಾತು ಹೇಳಬೇಕು. ನಾವು ಕೊಬ್ಬರಿಯನ್ನು ಬಿಸಿಲಿನಲ್ಲಿ ಒಣಗಿಸುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಒಳಗಿನ ನೀರು ತಾನಾಗಿ ಹಿಂಗುತ್ತದೆ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಿಯವರೆಗೆ ಆ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಅಲುಗಿದರೆ ತಿರುಳು ಒಡೆದು ಕೆಡುತ್ತದೆ ಎಂದು ಲೆಕ್ಕ. ಲೆಕ್ಕಕ್ಕಿಂತ ಹೆಚ್ಚಾಗಿ ಅದೊಂದು ಕಟ್ಟಳೆ. ಏರಿದ ಕಾಯಿ ಕೊಬ್ಬರಿಯಾಗಿಯೇ ಇಳಿಯಬೇಕು. ಅವಧಿಗೆ ಮುಂಚೆ ಯಾರ ಮನೆಯಲ್ಲಾದರೂ ಅಟ್ಟದ ಕಾಯಿ ಇಳಿದರೆ, ಏನಾಯಿತು ಎಂದು ಕೇಳಿಕೊಂಡು ಊರಿನವರು ಬರುತ್ತಾರೆ. ನನ್ನ ಮದುವೆಯಲ್ಲಿ ಅಡಿಗೆಗೆ ಕಾಯಿ ಸಾಲದೆ ಹೋದಾಗ ಅತ್ತೆ ಪಕ್ಕದ ಮನೆಯಿಂದ ಕೇಳಿ ತಂದಳೇ ಹೊರತು, ತಲೆಯ ಮೇಲೆ ಅಟ್ಟ ತುಂಬಿದ್ದ ಕಾಯಿಯನ್ನು ಮುಟ್ಟಲು ಬಿಡಲಿಲ್ಲ. ಹುಡುಗರಾಗಿ ನಾವು ಅಟ್ಟದಲ್ಲಿ ಕಣ್ಣಾಮುಚ್ಚಾಲೆ ಆಡಲು ಹೋಗಿ ತಿಂದ ಏಟುಗಳಿಗೆ ಎಣೆಯಿಲ್ಲ. ಆ ಕತ್ತಲಿನ ಸಿಪ್ಪೆಯ ವಾಸನೆ, ಜೇಡರ ಬಲೆ, ಅಂಗೈಗೆ ಚುಚ್ಚುವ ನಾರು ಎಲ್ಲಕ್ಕೂ ಆ ಏಟಿನ ರುಚಿ ಸೇರಿಕೊಂಡೇ ನೆನಪಾಗುತ್ತದೆ.

ಅಟ್ಟದ ಮೂಲೆಯಲ್ಲಿ ಹೋದ ವರ್ಷದ ಕೊಬ್ಬರಿ ಕಾಯಿ ಒಂದಿಷ್ಟು ಮನೆಖರ್ಚಿಗೆ ಉಳಿದಿದ್ದವು. ಅವನ್ನು ಒಂದು ಕುಕ್ಕೆಯಲ್ಲಿ ತುಂಬಿ ಮಹಡಿಯ ಕೋಣೆಗೆ ತಂದೆ. ತೋಟದಿಂದ ಹೊಸ ಕಾಯಿ ಇನ್ನೊಂದು ಕುಕ್ಕೆ ತಂದೆ. ಮೊದಲು ಫೋನನ್ನು ಒಣಗಿದ ಕಾಯಿಗಳ ನಡುವೆ ಹೂತು, ಸಂದಿಯಲ್ಲಿ ಇಣುಕಿದೆ. ಗೆರೆಗಳು ಇದ್ದ ಹಾಗೇ ಇದ್ದವು. ಆಮೇಲೆ ಹಸಿ ಕಾಯಿಗಳ ನಡುವೆ ಹೂತೆ. ಎರಡು ಗೆರೆ ಉಳಿಯಿತು. ಮೇಲೊಂದು ಸಾಲು ಪೇರಿಸಿದೆ. ಒಂದೇ ಗೆರೆ. ಕಾಫಿ ತಂದ ವಿಶಾಲ ಬಾಗಿಲಲ್ಲೇ ನಿಂತಳು.

"ಏನ್ರೀ ಇದು, ಫೋನಿಗೆ ಕಾಯಿ ಪೂಜೆನಾ?"

"ನೀರು ಕಣೇ," ಎಂದೆ. "ವೈಫೈ ಅಲೆನ ನೀರು ಹೀರ್ಕೊಳ್ಳುತ್ತೆ. ಅಟ್ಟದ ಮೇಲೆ ನಾವು ಒಂದು ಸಣ್ಣ ಕೆರೇನೇ ಕಟ್ಟಿಬಿಟ್ಟಿದೀವಿ."

ಹೋದ ತಿಂಗಳು ಆ ಡಬ್ಬಿ ಹಾಕಿಸಿದಾಗ ಕೊಬ್ಬರಿ ಸುಲಿಸಿ ಅಟ್ಟ ಹೆಚ್ಚುಕಮ್ಮಿ ಖಾಲಿಯಾಗಿತ್ತು. ಅಲೆಗಳು ಹಲಗೆ ದಾಟಿ ಸಲೀಸಾಗಿ ಇಳಿದು ಬರುತ್ತಿದ್ದವು. ಮೇಲೆ ಅಟ್ಟವಿಲ್ಲದ ಅಡಿಗೆಮನೆಗೆ ಈಗಲೂ ಬರುತ್ತಿದ್ದವು. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಯಾಕೆ, ಅದರೊಳಗಿನ ನೀರು ಅಲೆಯ ಶಕ್ತಿಯನ್ನು ಹೀರುವುದರಿಂದ, ಎಂದು ಎಷ್ಟು ತಂಡಗಳ ಮಕ್ಕಳಿಗೆ ಹೇಳಿದ್ದೆನೋ. ಬೋರ್ಡಿನ ಮೇಲೆ ಬರೆದದ್ದು ತಲೆಯ ಮೇಲೆ ಕೂತಿದ್ದರೂ ಎಂಟು ದಿನ ಕಾಣಲಿಲ್ಲ. ಆದರೂ ನಿಮ್ಮಲ್ಲಿ ಮುಚ್ಚಿಡುವುದೇನು, ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಅತ್ತೆಯ ಮಂಚದ ಮೇಲೆ ಕೂತು, ಅಲೆ, ನೀರು, ಕುಕ್ಕೆ ಎಲ್ಲವನ್ನೂ ಪಾಠದ ಹಾಗೆ ವಿವರಿಸಿದೆ. ಭೇಷ್ ಎನ್ನುತ್ತಾಳೆಂದು ಕಾದೆ.

ಅವಳು ಅಟ್ಟವನ್ನೇ ನೋಡುತ್ತ ಕೇಳಿಸಿಕೊಂಡಳು. "ಹಂಗಾರೆ ನೀರು ಹಿಂಗಿದ್ರೆ ಟಿ.ವಿ. ಬತ್ತದೆ," ಎಂದಳು.

"ಬಂದೇ ಬರುತ್ತೆ ಅತ್ತೆ."

"ಅಲ್ಲಿಗೆ ಬರೋ ಸಂಕ್ರಾಂತಿ."

ನನ್ನ ಸಂತೋಷ ಅಲ್ಲೇ ಮುದುಡಿತು. ಅಟ್ಟದ ಕಾಯಲ್ಲಿ ನೀರು ಯಾವಾಗ ಹಿಂಗುತ್ತದೆ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಯಾಕೆ ಎಂಬುದನ್ನು ಕಂಡುಹಿಡಿದ ಭರದಲ್ಲಿ, ಮುಂದೇನು ಎಂದು ನಾನು ಯೋಚಿಸಿರಲೇ ಇಲ್ಲ. ಸಮಾಧಾನಕ್ಕೆಂದು, ಶನಿವಾರ ವೈರು ಬರುತ್ತದೆ, ಇನ್ನೊಂದು ವಾರದಲ್ಲಿ ಎಲ್ಲ ಸರಿಹೋಗುತ್ತದೆ ಎಂದೆ. ಅವಳು ತನ್ನ ಕಾಲನ್ನು ಒಂದು ಸಲ ನೀವಿಕೊಂಡಳು.

"ಚಿತ್ತಯ್ಯನ್ನ ಕರೀ. ಕಾಯಿ ಇಳಿಸ್ಲಿ."

ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ವಿಶಾಲಳ ಮುಖ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು.

"ಅತ್ತೆ, ಏರಿಸಿದ ಕಾಯಿ ಅಲುಗಿಸಬಾರದು ಅಂತ ನೀನೇ ಅಲ್ವಾ..."

"ನಾನೇ ಅಂದಿದ್ದು. ಈಗ್ಲೂ ನಾನೇ ಅಂತಿದೀನಿ," ಎಂದಳು. ಆಮೇಲೆ ದನಿ ಇಳಿಸಿದಳು. "ಈ ಮನೇಲಿ ನಂಗೆ ಇದು ಬೇಕು ಅಂತ ನಾನು ಕೇಳಿದ್ದು ನಿಂಗೆ ನೆಪ್ಪೈತೇನ್ಲಾ? ಇವತ್ತು ಕೇಳ್ತೀನಿ. ನಂಗೆ ನಡೀಬೇಕು ಅಂತ ಆಸೆ ಐತೆ. ಕಾಯಿ ಕೆಟ್ರೆ ಕೆಡ್ಲಿ ಬುಡು."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಸೀರೆ, ಒಂದು ಊರು, ಒಂದು ತಿಂಡಿ, ಏನೂ ನೆನಪಾಗಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಬುಧವಾರ ಬೆಳಿಗ್ಗೆ ಚಿತ್ತಯ್ಯ ಇಬ್ಬರನ್ನು ಕರೆದುಕೊಂಡು ಬಂದ. ವಿಷಯ ತಿಳಿದು, "ಅಮ್ಮಾರು ಹೇಳಿದ್ರಾ? ಅಮ್ಮಾರೇ ಹೇಳಿದ್ರಾ?" ಎಂದು ಎರಡು ಸಲ ಕೇಳಿದ. ಅತ್ತೆ ಮಂಚದಿಂದಲೇ ಹೂಂಗುಟ್ಟಿದ ಮೇಲೆ ಹತ್ತಿದ. ಅಷ್ಟೂ ಕಾಯಿ ಇಳಿಸುವುದು ಬೇಡವೆಂದು ನಾನು ಮಹಡಿಯ ಡಬ್ಬಿಯಿಂದ ಕೆಳಗಿನ ಟಿ.ವಿ.ಯತ್ತ, ಹಲಗೆಯ ಸಂದಿಯಲ್ಲಿ ತೂರಿಸಿ ಒಂದು ಸುತಲಿ ದಾರ ಬಿಗಿದು ಅಲೆ ಇಳಿಯುವ ದಾರಿ ಗುರುತು ಮಾಡಿದೆ. ದಾರದ ಎರಡೂ ಪಕ್ಕ ಮೂರು ಮೂರು ಮೊಳದ ಕಾಯಿ ಮಾತ್ರ ಇಳಿಯಬೇಕು. ಅತ್ತೆ ಕೆಳಗಿನಿಂದ, "ಉರುಳಿಸ್ಬೇಡ್ರಪ್ಪ, ಉಳಿದವು ಅಲುಗ್ತವೆ. ಕೈಯಾಗೆ ಎತ್ಕಂಡು ಇಳಿಸ್ರಿ," ಎಂದು ಹೇಳುತ್ತಲೇ ಇದ್ದಳು. ನಾನು ಟಿ.ವಿ.ಯ ಮುಂದೆ ನಿಂತು ಪ್ರತಿ ಕುಕ್ಕೆಗೂ ಗೆರೆ ನೋಡಿ ಕೂಗುತ್ತಿದ್ದೆ. ಒಂದಾಯಿತು. ಬಹಳ ಹೊತ್ತು ಒಂದೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಎರಡಾಯಿತು. ಸಂಜೆ ಹಸು ಕಟ್ಟುವ ಹೊತ್ತಿಗೆ ಹಳೆಯ ಪಾಸ್‌ವರ್ಡ್ ಒತ್ತಿದರೆ ಟಿ.ವಿ. ಮೊದಲ ಸಲಕ್ಕೇ ಹಿಡಿದುಕೊಂಡಿತು. ಅಂಗಳದಲ್ಲಿ ಬಿದ್ದಿದ್ದ ಕಾಯಿ ನೋಡಿ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಒಳಗೆ ಬಂದು, ಮನೆಯಲ್ಲಿ ಎಲ್ಲರೂ ಆರೋಗ್ಯವೇ ಎಂದು ವಿಚಾರಿಸಿಕೊಂಡು ಹೋದರು.

ಗುರುವಾರ ಹನ್ನೊಂದಕ್ಕೆ ಪರದೆಯ ಮೇಲೆ ಎಲ್ಲರ ಮುಖವೂ ಮೂಡಿತು. "ಅಜ್ಜಿ, ಎಲ್ಲಿಗೆ ಹೋಗಿದ್ರಿ ಇಷ್ಟು ದಿನ?" ಎಂದಳು ನಯನ.

"ಎಲ್ಲಿಗೋಗ್ಲವ್ವ. ಅಟ್ಟದಾಗಿನ ಕಾಯಿ ಟಿ.ವಿ.ಗೆ ಅಡ್ಡ ಬತ್ತಿದ್ವು. ಇಳಿಸ್ದೆ."

ಪಟ್ಟಣದ ಹುಡುಗಿ ನಯನ "ಓ, ಸರಿ ಅಜ್ಜಿ" ಎಂದು ಮುಂದಿನ ಮಾತಿಗೆ ಹೋಗಲಿದ್ದಳು. ಆದರೆ ಉಳಿದ ಐದು ಮುಖಗಳೂ ಅಲುಗಲಿಲ್ಲ. ರುದ್ರಪ್ಪನವರು ಕಿವಿಯ ಹತ್ತಿರ ಕೈ ತಂದರು.

"ಏನಂದ್ರಿ? ಏರ್ಸಿದ ಕಾಯಿ ಇಳಿಸಿದ್ರಾ?"

"ಇಳಿಸ್ದೆ ಕಣ್ರಪ್ಪ."

ಕಿಬ್ಬನಹಳ್ಳಿಯ ಗೌರಮ್ಮ ಪರದೆಯ ಹತ್ತಿರಕ್ಕೆ ಬಾಗಿದಳು. "ಯಾಕಕ್ಕ? ಮನೇಲಿ ಏನಾಯ್ತು?"

"ಏನೂ ಆಗಿಲ್ಲ ಕಣೇ. ನಾನು ನಿಂತ್ಕಬೇಕಿತ್ತು," ಎಂದಳು ಅತ್ತೆ. ಮಂಚದ ಅಂಚು ಹಿಡಿದು ಎದ್ದಳು, ಕೋಲನ್ನು ನನ್ನ ಕೈಗೆ ಕೊಟ್ಟಳು.

ನಯನ ಎಣಿಸತೊಡಗಿದಳು. ಐದಕ್ಕೆ ಅತ್ತೆ ಒಂದು ಪಕ್ಕಕ್ಕೆ ವಾಲಿದಳು. ವಿಶಾಲ ಕೈ ಚಾಚಿದ್ದಕ್ಕೆ ಅವಳು ಬೇಡವೆಂದು ತಲೆಯಾಡಿಸಿದಳು. ಆರರಿಂದಾಚೆ ನಯನಳ ದನಿಯೊಂದೇ ಇರಲಿಲ್ಲ. ರುದ್ರಪ್ಪನವರು ಎಣಿಸುತ್ತಿದ್ದರು, ಗೌರಮ್ಮ ಎಣಿಸುತ್ತಿದ್ದಳು. ತಾವೂ ನಿಲ್ಲಬೇಕಾದದ್ದನ್ನು ಮರೆತು ಐದೂ ಜನ ಕೂತಲ್ಲಿಂದಲೇ ಅತ್ತೆಗಾಗಿ ಎಣಿಸುತ್ತಿದ್ದರು. ಎಂಟು, ಒಂಬತ್ತು, ಹತ್ತು.

ಹತ್ತಾದ ಮೇಲೂ ಅತ್ತೆ ಕೂರಲಿಲ್ಲ.